ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರ: ಚುನಾವಣಾ ಇತಿಹಾಸ ಹಾಗೂ ಚಿಕ್ಕಪೇಟೆಯ ಮತದಾರರಿಗೆ ಮಾಹಿತಿ

ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರವು ಕರ್ನಾಟಕದ 28 ಲೋಕಸಭಾ ಕ್ಷೇತ್ರಗಳ ಪೈಕಿ 26ನೇ ಕ್ರಮಸಂಖ್ಯೆಯ ಸಾಮಾನ್ಯ ಕ್ಷೇತ್ರವಾಗಿರುತ್ತದೆ. ಗೋವಿಂದರಾಜನಗರ, ವಿಜಯನಗರ, ಚಿಕ್ಕಪೇಟೆ, ಬಸವನಗುಡಿ, ಪದ್ಮನಾಭನಗರ, ಬಿ.ಟಿ.ಎಂ. ಲೇಔಟ್, ಜಯನಗರ ಹಾಗೂ ಬೊಮ್ಮನಹಳ್ಳಿ ಎಂಬ ಎಂಟು ವಿಧಾನಸಭಾ ಕ್ಷೇತ್ರಗಳು ಇದರ ವ್ಯಾಪ್ತಿಗೆ ಒಳಪಟ್ಟಿವೆ. ಸದರಿ ಕ್ಷೇತ್ರದ ಚುನಾವಣಾ ಇತಿಹಾಸವನ್ನೂ, ಚಿಕ್ಕಪೇಟೆಯ ನಿವಾಸಿಗಳು ಮತ್ತು ವರ್ತಕರು ಮತದಾರರ ಪಟ್ಟಿಗೆ ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ಅಂಶಗಳನ್ನೂ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಕ್ಷೇತ್ರದ ಹೆಸರು ಮತ್ತು ಗಡಿ

1952ರ ಪ್ರಥಮ ಮಹಾಚುನಾವಣೆಯಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರಿನ ಕ್ಷೇತ್ರದಿಂದ ಕಾಂಗ್ರೆಸ್ಸಿನ ಟಿ. ಮಾದಯ್ಯ ಗೌಡ ಅವರು ಆಯ್ಕೆಯಾಗಿದ್ದರು. 1957ರಿಂದ 1971ರವರೆಗಿನ ಚುನಾವಣೆಗಳಲ್ಲಿ ಈ ಹೆಸರು ಬಳಕೆಯಲ್ಲಿರಲಿಲ್ಲ. ಆ ಅವಧಿಯಲ್ಲಿ ಎಚ್.ಸಿ. ದಾಸಪ್ಪ ಹಾಗೂ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಕೆಂಗಲ್ ಹನುಮಂತಯ್ಯ ಅವರು ಬೆಂಗಳೂರನ್ನು ಲೋಕಸಭೆಯಲ್ಲಿ ಪ್ರತಿನಿಧಿಸಿದರು. ಇಬ್ಬರೂ ಬೇರೆ ಬೇರೆ ಅವಧಿಗಳಲ್ಲಿ ಕೇಂದ್ರದ ರೈಲ್ವೆ ಸಚಿವರಾಗಿದ್ದರು. 1977ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಮರಳಿ ಬಂದಿತು. ಆದುದರಿಂದ 1952ರ ಕ್ಷೇತ್ರವನ್ನೂ ಇಂದಿನದನ್ನೂ ಹೆಸರಿನ ಸಾಮ್ಯವೊಂದರಿಂದಲೇ ಒಂದೆಂದು ಭಾವಿಸತಕ್ಕದ್ದಲ್ಲ.

ರಾಜ್ಯದ ಒಲವಿಗೆ ವಿರುದ್ಧವಾದ ತೀರ್ಪುಗಳು

1977ರಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ 26ರಲ್ಲಿ ಕಾಂಗ್ರೆಸ್ ಜಯ ಗಳಿಸಿತು. ಉಳಿದ ಎರಡರಲ್ಲಿ ಹಾಸನ ಒಂದಾದರೆ ಬೆಂಗಳೂರು ದಕ್ಷಿಣ ಇನ್ನೊಂದು. ಇಲ್ಲಿ ಜನತಾ ಪಕ್ಷದಿಂದ ಆಯ್ಕೆಯಾದ ಕೆ.ಎಸ್. ಹೆಗ್ಡೆ ಅವರು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿದ್ದು, 1973ರಲ್ಲಿ ಮುಖ್ಯ ನ್ಯಾಯಮೂರ್ತಿಯ ನೇಮಕದಲ್ಲಿ ಸೇವಾ ಹಿರಿತನವನ್ನು ಕಡೆಗಣಿಸಿದಾಗ ರಾಜೀನಾಮೆ ನೀಡಿದ ಮೂವರಲ್ಲಿ ಒಬ್ಬರು. ನೀಲಂ ಸಂಜೀವ ರೆಡ್ಡಿ ಅವರು ರಾಷ್ಟ್ರಪತಿಯಾಗಲು ಸಭಾಧ್ಯಕ್ಷ ಸ್ಥಾನವನ್ನು ತೆರವು ಮಾಡಿದ ಬಳಿಕ 1977ರ ಜುಲೈನಲ್ಲಿ ಹೆಗ್ಡೆ ಅವರು ಲೋಕಸಭೆಯ ಅಧ್ಯಕ್ಷರಾದರು.

1980ರ ಫಲಿತಾಂಶವು ಇನ್ನೂ ಗಮನಾರ್ಹವಾದುದು. ಇಂದಿರಾ ಕಾಂಗ್ರೆಸ್ ರಾಜ್ಯದ 27 ಸ್ಥಾನಗಳನ್ನು ಪಡೆದರೆ, ಉಳಿದ ಒಂದೇ ಸ್ಥಾನವಾದ ಬೆಂಗಳೂರು ದಕ್ಷಿಣದಲ್ಲಿ ಜನತಾ ಪಕ್ಷದ ಟಿ.ಆರ್. ಶಾಮಣ್ಣ ಅವರು ಗೆದ್ದರು. 1984ರಲ್ಲಿ ಅದೇ ಪಕ್ಷದ ವಿ.ಎಸ್. ಕೃಷ್ಣ ಅಯ್ಯರ್ ಅವರು ಆಯ್ಕೆಯಾದರು. 1989ರಲ್ಲಿ ಮಾತ್ರ ಕ್ಷೇತ್ರವು ರಾಜ್ಯದೊಡನೆ ಹೆಜ್ಜೆ ಹಾಕಿ, ಮಾಜಿ ಮುಖ್ಯಮಂತ್ರಿ ಆರ್. ಗುಂಡೂರಾವ್ ಅವರನ್ನು ಕಾಂಗ್ರೆಸ್ಸಿನಿಂದ ಆರಿಸಿತು.

1991ರಲ್ಲಿ ಅರ್ಥಶಾಸ್ತ್ರಜ್ಞ ಕೆ. ವೆಂಕಟಗಿರಿ ಗೌಡ ಅವರು ಭಾರತೀಯ ಜನತಾ ಪಕ್ಷದಿಂದ ಜಯಶೀಲರಾದರು. ಕರ್ನಾಟಕದಿಂದ ಆ ಪಕ್ಷವು ಲೋಕಸಭೆಗೆ ಪ್ರವೇಶ ಪಡೆದದ್ದು ಅದೇ ವರ್ಷ. ಆಗ ಗೆದ್ದ ನಾಲ್ಕು ಸ್ಥಾನಗಳಲ್ಲಿ ಇದೂ ಒಂದು. ಅಂದಿನಿಂದ ಕ್ಷೇತ್ರವು ಪಕ್ಷವನ್ನು ಬದಲಿಸಿರುವುದಿಲ್ಲ.

1996ರಿಂದ ಈಚೆಗೆ

ಎಚ್.ಎನ್. ಅನಂತಕುಮಾರ್ ಅವರು 1996, 1998, 1999, 2004, 2009 ಮತ್ತು 2014ರಲ್ಲಿ, ಹೀಗೆ ಸತತ ಆರು ಬಾರಿ ಆಯ್ಕೆಯಾದರು. 2009ರಲ್ಲಿ ಕೃಷ್ಣ ಬೈರೇಗೌಡ ಅವರ ವಿರುದ್ಧ ಗೆಲುವಿನ ಅಂತರವು 37,612 ಮತಗಳಿಗೆ ಇಳಿದಿತ್ತು. 2014ರಲ್ಲಿ ನಂದನ್ ನಿಲೇಕಣಿ ಅವರ ವಿರುದ್ಧ 2,28,575ಕ್ಕೆ ಏರಿತು. 2018ರ ನವೆಂಬರ್ 12ರಂದು ಅನಂತಕುಮಾರ್ ಅವರು ನಿಧನರಾದಾಗ ಉಪಚುನಾವಣೆ ನಡೆಯಲಿಲ್ಲ. ಸದನದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿರುವಲ್ಲಿ ಉಪಚುನಾವಣೆಯ ಅಗತ್ಯವಿಲ್ಲವೆಂದು ಪ್ರಜಾಪ್ರತಿನಿಧಿ ಕಾಯ್ದೆ, 1951ರ 151ಎ ಪ್ರಕರಣವು ತಿಳಿಸುತ್ತದೆ.

2019ರಲ್ಲಿ ತೇಜಸ್ವಿ ಸೂರ್ಯ ಅವರು ಬಿ.ಕೆ. ಹರಿಪ್ರಸಾದ್ ಅವರ ವಿರುದ್ಧ 3,31,192 ಮತಗಳಿಂದಲೂ, 2024ರಲ್ಲಿ ಸೌಮ್ಯ ರೆಡ್ಡಿ ಅವರ ವಿರುದ್ಧ 2,77,083 ಮತಗಳಿಂದಲೂ ಗೆದ್ದರು. ಇದುವರೆಗೆ ಈ ಕ್ಷೇತ್ರದಿಂದ ಮಹಿಳೆಯೊಬ್ಬರು ಲೋಕಸಭೆಗೆ ಆಯ್ಕೆಯಾಗಿರುವುದಿಲ್ಲ.

ಅಂತರಗಳು ದೊಡ್ಡವಾಗಿದ್ದರೂ ಮತದಾನದ ಪ್ರಮಾಣ ಚಿಕ್ಕದು. 2019 ಮತ್ತು 2024ರಲ್ಲಿ ಇಲ್ಲಿ ಮತ ಚಲಾಯಿಸಿದವರು ಸುಮಾರು ಶೇ. 53 ಮಾತ್ರ, 2024ರಲ್ಲಿ ರಾಜ್ಯದ ಸರಾಸರಿಯು ಶೇ. 70ನ್ನು ಮೀರಿತ್ತು. 2024ರ ಏಪ್ರಿಲ್ 26 ಶುಕ್ರವಾರವಾಗಿದ್ದು ವಾರಾಂತ್ಯಕ್ಕೆ ಹೊಂದಿಕೊಂಡಿತ್ತೆಂಬುದು ನಿಜವಾದರೂ, ಅದೊಂದನ್ನೇ ಕಾರಣವೆನ್ನಲಾಗದು. ಪಟ್ಟಿಯಲ್ಲಿ ಹೆಸರು ಉಳಿಸಿಕೊಂಡು ಬೇರೆಡೆಗೆ ತೆರಳಿದವರೂ ಈ ಲೆಕ್ಕದಲ್ಲಿ ಮತ ಹಾಕದವರೇ ಆಗುತ್ತಾರೆ. ಒಂದೊಂದು ಮತದ ಬೆಲೆ ಎಷ್ಟೆಂಬುದಕ್ಕೆ ಇದೇ ವ್ಯಾಪ್ತಿಯ ಜಯನಗರ ವಿಧಾನಸಭಾ ಕ್ಷೇತ್ರದಲ್ಲಿ ಉದಾಹರಣೆ ಇದೆ: 2023ರಲ್ಲಿ ಅಲ್ಲಿನ ಫಲಿತಾಂಶ ನಿರ್ಧಾರವಾದದ್ದು 16 ಮತಗಳ ಅಂತರದಿಂದ.

ಚಿಕ್ಕಪೇಟೆ: ಹೆಸರು ಒಂದು, ಕ್ಷೇತ್ರ ಎರಡು

ಹಳೆಯ ಬೆಂಗಳೂರು ಪೇಟೆಯಲ್ಲಿ ದೊಡ್ಡಪೇಟೆ (ಇಂದಿನ ಅವೆನ್ಯೂ ರಸ್ತೆ) ಮತ್ತು ಚಿಕ್ಕಪೇಟೆ ಬೀದಿಗಳು ಕೂಡುವ ಸ್ಥಳದ ಸುತ್ತ ಜವಳಿ, ಬೆಳ್ಳಿ-ಬಂಗಾರದ ಅಂಗಡಿಗಳಿರುವ ಪ್ರದೇಶವನ್ನೇ ಜನರು ಚಿಕ್ಕಪೇಟೆ ಎಂದು ಕರೆಯುತ್ತಾರೆ. ಆದರೆ 2001ರ ಜನಗಣತಿಯನ್ನು ಆಧರಿಸಿ 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆಯ ನಂತರ, ಪಾಲಿಕೆಯ 198 ವಾರ್ಡುಗಳಿದ್ದ ಕಾಲದ 109ನೇ ಚಿಕ್ಕಪೇಟೆ ವಾರ್ಡು ಗಾಂಧಿನಗರ ವಿಧಾನಸಭಾ ಕ್ಷೇತ್ರದಲ್ಲಿತ್ತೇ ಹೊರತು ಚಿಕ್ಕಪೇಟೆ ವಿಧಾನಸಭಾ ಕ್ಷೇತ್ರದಲ್ಲಿರಲಿಲ್ಲ. ಗಾಂಧಿನಗರವು ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಕ್ರಮಸಂಖ್ಯೆ 169ರ ಚಿಕ್ಕಪೇಟೆ ವಿಧಾನಸಭಾ ಕ್ಷೇತ್ರವು ಕರಗಕ್ಕೆ ಹೆಸರಾದ ಧರ್ಮರಾಯಸ್ವಾಮಿ ದೇವಾಲಯದ ವಾರ್ಡು, ಸುಧಾಮನಗರ, ಸುಂಕೇನಹಳ್ಳಿ, ವಿಶ್ವೇಶ್ವರಪುರ, ಸಿದ್ದಾಪುರ, ಹೊಂಬೇಗೌಡನಗರ ಮತ್ತು ಜಯನಗರ ವಾರ್ಡುಗಳನ್ನು ಒಳಗೊಂಡಿತ್ತು.

ಸುತ್ತಮುತ್ತಲ ಹಳೆಯ ಬಡಾವಣೆಗಳೂ ಹೀಗೆಯೇ ಹಂಚಿಹೋಗಿವೆ. ಬಸವನಗುಡಿ ದಕ್ಷಿಣಕ್ಕೂ, ಚಾಮರಾಜಪೇಟೆ ಕೇಂದ್ರಕ್ಕೂ, ಮಲ್ಲೇಶ್ವರ ಬೆಂಗಳೂರು ಉತ್ತರಕ್ಕೂ ಸೇರಿವೆ. ಆದಕಾರಣ ಅರ್ಜಿದಾರರು ಬಡಾವಣೆಯ ಹೆಸರನ್ನು ನಂಬದೆ, ಮತದಾರರ ಪಟ್ಟಿಯಲ್ಲಿ ನಮೂದಾಗಿರುವ ವಿಧಾನಸಭಾ ಕ್ಷೇತ್ರದ ಹೆಸರು, ಭಾಗ ಸಂಖ್ಯೆ ಹಾಗೂ ಕ್ರಮ ಸಂಖ್ಯೆಯನ್ನು ಪರಿಶೀಲಿಸತಕ್ಕದ್ದು.

ವರ್ತಕರು ಹಾಗೂ ಇತರ ಅರ್ಜಿದಾರರ ಗಮನಕ್ಕೆ

ಪೇಟೆಯಲ್ಲಿ ತಲೆಮಾರುಗಳಿಂದ ಅಂಗಡಿ ಇಟ್ಟುಕೊಂಡು, ಈಗ ವಾಸವನ್ನು ಬೇರೆ ಬಡಾವಣೆಗೆ ಬದಲಾಯಿಸಿರುವ ಕುಟುಂಬಗಳು ಅನೇಕ. ಪ್ರಜಾಪ್ರತಿನಿಧಿ ಕಾಯ್ದೆ, 1950ರ ಪ್ರಕಾರ ವ್ಯಕ್ತಿಯು ಸಾಮಾನ್ಯವಾಗಿ ವಾಸಿಸುವ ಸ್ಥಳದಲ್ಲಿ ಮಾತ್ರ ನೋಂದಣಿಗೆ ಅರ್ಹನಾಗಿರುತ್ತಾನೆ. ಮನೆಯೊಂದರ ಒಡೆತನ ಅಥವಾ ಸ್ವಾಧೀನ ಮಾತ್ರದಿಂದ ಅಲ್ಲಿನ ನಿವಾಸಿ ಎನಿಸುವುದಿಲ್ಲವಾದ್ದರಿಂದ, ಅಂಗಡಿಯ ವಿಳಾಸದಲ್ಲಿ ಹೆಸರು ಸೇರಿಸಲು ಅವಕಾಶವಿರುವುದಿಲ್ಲ. ಒಂದಕ್ಕಿಂತ ಹೆಚ್ಚು ಕಡೆ ನೋಂದಣಿ ನಿಷಿದ್ಧ. ಅರ್ಜಿಯಲ್ಲಿ ಸುಳ್ಳು ಘೋಷಣೆ ಮಾಡಿದಲ್ಲಿ ಒಂದು ವರ್ಷದವರೆಗಿನ ಕಾರಾವಾಸ, ದಂಡ ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ.

ಮೊದಲ ಬಾರಿಗೆ ನೋಂದಾಯಿಸುವವರು ನಮೂನೆ 6ನ್ನೂ, ವಾಸಸ್ಥಳ ಬದಲಾಯಿಸಿದವರು ಮತ್ತು ವಿವರಗಳಲ್ಲಿ ತಿದ್ದುಪಡಿ ಬಯಸುವವರು ನಮೂನೆ 8ನ್ನೂ ಸಲ್ಲಿಸತಕ್ಕದ್ದು. ಮೃತರ ಅಥವಾ ಸ್ಥಳ ಬಿಟ್ಟವರ ಹೆಸರನ್ನು ತೆಗೆದುಹಾಕಲು ನಮೂನೆ 7 ಇರುತ್ತದೆ. 18 ವರ್ಷ ತುಂಬುವುದನ್ನು ಲೆಕ್ಕ ಹಾಕಲು ಹಿಂದೆ ಜನವರಿ 1 ಒಂದೇ ಅರ್ಹತಾ ದಿನಾಂಕವಾಗಿತ್ತು. 2022ರಿಂದ ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1 ಸಹ ಸೇರಿವೆ. ಅರ್ಜಿಗಳನ್ನು ಮತಗಟ್ಟೆ ಮಟ್ಟದ ಅಧಿಕಾರಿಗೆ ಅಥವಾ ಮತದಾರರ ನೋಂದಣಿ ಅಧಿಕಾರಿಯ ಕಚೇರಿಗೆ ಸಲ್ಲಿಸಬಹುದು. ಮಾಹಿತಿಗೆ 1950 ಸಂಖ್ಯೆಗೆ ಕರೆ ಮಾಡಬಹುದು.

ಗುರುತಿನ ಚೀಟಿ ಕೈಯಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದಲ್ಲಿ ಮತ ನೀಡಲಾಗದು. ನಾಮಪತ್ರ ಸಲ್ಲಿಕೆಯ ಕೊನೆಯ ದಿನಾಂಕದ ನಂತರ ಆ ಚುನಾವಣೆ ಮುಗಿಯುವವರೆಗೆ ಪಟ್ಟಿಗೆ ಹೆಸರು ಸೇರಿಸಲು, ತಿದ್ದಲು ಅಥವಾ ತೆಗೆಯಲು ಕಾನೂನಿನಲ್ಲಿ ಅವಕಾಶವಿರುವುದಿಲ್ಲ.