ನೀರಿಗೆ ಹಾಕಿದಾಗ ಬಣ್ಣ ಬಿಡುವ ಅಡಿಕೆ ನಕಲಿಯೇ? ಚೊಗರು ಬದಲಾದ ಕಥೆ

ಗಾಜಿನ ಲೋಟದಲ್ಲಿ ನೀರು, ಅದರೊಳಗೆ ನಾಲ್ಕು ಕೆಂಪಡಿಕೆ. ಸ್ವಲ್ಪ ಹೊತ್ತಿಗೆ ನೀರು ಕೆಂಪಾಗುತ್ತದೆ. ಕೆಳಗೆ ದಪ್ಪ ಅಕ್ಷರದಲ್ಲಿ 'ಬಣ್ಣ ಬಿಟ್ಟರೆ ಕೆಮಿಕಲ್, ಎಲ್ಲರಿಗೂ ಶೇರ್ ಮಾಡಿ' ಎಂಬ ಸಾಲು. ಈ ಥರದ ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿದ್ದರೆ, ಮುಂದೆ ಕಳಿಸುವ ಮೊದಲು ಇದನ್ನೊಮ್ಮೆ ಓದಿ.

ಈ ಲೋಟದ ಪರೀಕ್ಷೆಯಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಪ್ಪಟ ಮನೆ ಚೊಗರಿನ ಅಡಿಕೆಯೂ ಫೇಲ್ ಆಗುತ್ತದೆ. ಹಾಗಂತ ಅಡಿಕೆಗೆ ಕೃತಕ ಬಣ್ಣ ಬೆರೆಸುವುದು ಬರೀ ಗಾಳಿಸುದ್ದಿ ಎಂದೂ ನಾವು ಹೇಳುವುದಿಲ್ಲ. ಎರಡನ್ನೂ ಬಿಡಿಸಿ ನೋಡಬೇಕು.

ಚೊಗರು ಎಂದರೇನು?

ಮಲೆನಾಡಿನ ಈ ಮೂರು ತಾಲ್ಲೂಕುಗಳಲ್ಲಿ ಕೊನೆಯನ್ನು ಹಸಿರಾಗಿರುವಾಗಲೇ ಕೊಯ್ದು, ಸುಲಿದು, ದೊಡ್ಡ ಹಂಡೆಯಲ್ಲಿ ಬೇಯಿಸಿ, ಬಿಸಿಲಿಗೆ ಹರವುವ ಪದ್ಧತಿ ಇದೆ. ಬೇಯುವಾಗ ಅಡಿಕೆಯೊಳಗಿನ ಟ್ಯಾನಿನ್ ನೀರಿಗೆ ಇಳಿಯುತ್ತದೆ. ಅದೇ ನೀರಿನಲ್ಲಿ ಎರಡನೆಯ, ಮೂರನೆಯ ಹಂಡೆ ಅಡಿಕೆ ಬೆಂದ ಮೇಲೆ ಅದು ಗಟ್ಟಿಯಾಗಿ, ಕಾಕಂಬಿಯಂತೆ ಕಪ್ಪುಗೆಂಪಾಗುತ್ತದೆ. ಅದೇ ಚೊಗರು. ನಾಲಿಗೆಗೆ ಒಗರು ಹತ್ತಿಸುವುದೂ ಇದೇ ಟ್ಯಾನಿನ್. ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅದು ಅಂಟಿಕೊಳ್ಳುವುದರಿಂದ ಬಾಯಿ ಒಣಗಿದಂತಾಗುತ್ತದೆ.

ಉಳಿದ ಚೊಗರನ್ನು ಚೆಲ್ಲುವುದಿಲ್ಲ. ಬತ್ತಿಸಿ, ಡಬ್ಬಿಯಲ್ಲಿಟ್ಟು, ಮುಂದಿನ ವರ್ಷದ ಅಡಿಕೆಗೆ ಬಣ್ಣ ಮತ್ತು ಹೊಳಪು ಕೊಡಲು ಬಳಸುತ್ತಾರೆ. ಕಾರಿಗೆ ಪಾಲಿಷ್ ಹೇಗೋ ಕೆಂಪಡಿಕೆಗೆ ಚೊಗರು ಹಾಗೆ. ಜೊತೆಗೆ ಏನು ಸೇರಿಸುತ್ತಾರೆ ಎನ್ನುವುದು ಮನೆಯಿಂದ ಮನೆಗೆ ಬೇರೆ. ಒಬ್ಬರು ಸುಣ್ಣ ಹಾಕಿದರೆ ಇನ್ನೊಬ್ಬರು ವೀಳ್ಯದೆಲೆ ಜಜ್ಜಿ ಹಾಕುತ್ತಾರೆ, ಮತ್ತೊಬ್ಬರು ನೇರಳೆಯಂಥ ಮರದ ತೊಗಟೆ. ಸುಣ್ಣದ ಕೆಲಸ ನಿಮಗೆ ಗೊತ್ತಿರುವುದೇ. ಎಲೆ ಅಡಿಕೆಗೆ ಸುಣ್ಣ ಸೇರಿದಾಗಲೇ ಬಾಯಿ ಕೆಂಪಾಗುವುದು. ಅದೇ ರಾಸಾಯನಿಕ ಕ್ರಿಯೆ ಹಂಡೆಯಲ್ಲೂ ನಡೆಯುತ್ತದೆ.

ಚೊಗರು ಎಷ್ಟು ಗಟ್ಟಿ ಬಣ್ಣ ಎಂದರೆ, ಸಾಗರ ತಾಲ್ಲೂಕಿನ ಹೆಗ್ಗೋಡಿನ ಹತ್ತಿರ, ಭೀಮನಕೋಣೆಯ ಚರಕ ಸಂಸ್ಥೆಯಲ್ಲಿ ಕೈಮಗ್ಗದ ನೂಲಿಗೆ ಹಾಕುವ ನೈಸರ್ಗಿಕ ಬಣ್ಣಗಳಲ್ಲಿ ಅಡಿಕೆ ಚೊಗರೂ ಒಂದು. (ಸುಗ್ಗಿಯಲ್ಲಿ ಅಡಿಕೆ ಸುಲಿದ ಕೈಗಳ ಕಲೆ ಎಷ್ಟು ದಿನ ಉಳಿಯುತ್ತದೆ ಎಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.)

ಸೂತ್ರ ಬದಲಾದದ್ದೇಕೆ?

ಅಡಿಕೆ ಬಲಿತಷ್ಟೂ ಅದರಲ್ಲಿ ಟ್ಯಾನಿನ್ ಕಡಿಮೆಯಾಗುತ್ತದೆ. ಕೊನೆಗಾರರು ಸಿಗದೆ, ಅಥವಾ ಮಳೆ ಬಿಡದೆ ಕೊಯ್ಲು ತಡವಾದರೆ ಬೇಯಿಸಿದ ಅಡಿಕೆ ಪೇಲವವಾಗಿ ಕಾಣುತ್ತದೆ. ಹಣ್ಣಾಗಿ ಒಣಗಿದ ಗೋಟಿಗಂತೂ ತನ್ನದೇ ಕೆಂಪು ಬರುವುದಿಲ್ಲ. ಮಾರುಕಟ್ಟೆಯಲ್ಲಿ ದರ ನಿಲ್ಲುವುದು ಕಣ್ಣಿನ ಮೇಲೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ವಿಂಗಡಣೆಯಲ್ಲಿ ಒಂದು ಮೆಟ್ಟಿಲು ಕೆಳಗಿಳಿದರೂ ಕ್ವಿಂಟಲ್‌ಗೆ ಸಿಗುವ ಹಣ ಇಳಿಯುತ್ತದೆ.

ಇನ್ನು ಹೊಸದಾಗಿ ತೋಟ ಮಾಡಿದವರ ಮನೆಯಲ್ಲಿ ಹಳೆಯ ಚೊಗರು ಇರುವುದಿಲ್ಲ, ಕೊಳ್ಳಬೇಕು. ಅಂಗಡಿಯಿಂದ ತಂದ ಡಬ್ಬಿಯಲ್ಲಿ ಚೊಗರು ಎಷ್ಟು, ಬೇರೆಯದು ಎಷ್ಟು ಎಂದು ಕಣ್ಣಿನಿಂದ ಹೇಳಲಾಗದು. ಮೋಸ ಮಾಡುವ ಉದ್ದೇಶವೇ ಇಲ್ಲದ ಬೆಳೆಗಾರನ ಅಡಿಕೆಗೂ ಕೃತಕ ಬಣ್ಣ ಸೇರುವ ದಾರಿ ಇದು. ಫಾರ್ವರ್ಡ್‌ಗಳು 'ರೈತರು ವಿಷ ಹಾಕುತ್ತಿದ್ದಾರೆ' ಎಂದು ಒಂದೇ ಸಾಲಿನಲ್ಲಿ ಮುಗಿಸುವುದು ನಮಗೆ ಸರಿ ಕಾಣುವುದಿಲ್ಲ. ಹಂಡೆಗೂ ಲೋಟಕ್ಕೂ ನಡುವೆ ಚೇಣಿದಾರರು, ವ್ಯಾಪಾರಿಗಳು, ಪ್ಯಾಕ್ ಮಾಡುವವರು ಹೀಗೆ ಬಹಳ ಕೈಗಳಿವೆ. ಬಣ್ಣದ ಅಡಿಕೆ ಒಂದು ಲೋಡಿನಲ್ಲಿ ಸಿಕ್ಕಿಬಿದ್ದರೆ ಅನುಮಾನ ಮಾತ್ರ ಇಡೀ ಸೀಮೆಯ ಮಾಲಿನ ಮೇಲೆ.

ಹಾಗಾದರೆ ಲೋಟದ ಪರೀಕ್ಷೆ?

ಟ್ಯಾನಿನ್ ನೀರಿನಲ್ಲಿ ಕರಗುತ್ತದೆ. ಟೀ ಪುಡಿಯನ್ನು ಬಿಸಿನೀರಿಗೆ ಹಾಕಿದಾಗ ನೀರು ಕೆಂಪಾಗುವುದೂ ಟೀಯೊಳಗಿನ ಅದೇ ಜಾತಿಯ ವಸ್ತುಗಳಿಂದ. ಆದ್ದರಿಂದ ಚೊಗರಿನ ಅಡಿಕೆ ಬಣ್ಣ ಬಿಡುವುದು ಸಹಜ. ಬಿಡುವ ಬಣ್ಣ ಎಂಥದ್ದು ಎನ್ನುವುದರಲ್ಲಿ ಮಾತ್ರ ಸ್ವಲ್ಪ ಸುಳಿವಿದೆ. ಚೊಗರಿನ ನೀರು ಕಡು ಟೀಯಂತೆ ಕಂದುಗೆಂಪು. ಕಣ್ಣು ಕುಕ್ಕುವ ಗುಲಾಬಿಯೋ, ಹೊಳೆಯುವ ಕೆಂಪೋ ಆಗಿದ್ದರೆ ಅನುಮಾನಪಡಬಹುದು. ಕೆಮ್ಮಣ್ಣಿನಂಥ ಪುಡಿ ಬೆರೆತಿದ್ದರೆ ಅದು ಕರಗದೆ ಲೋಟದ ತಳದಲ್ಲಿ ಕೂರುತ್ತದೆ.

ಇನ್ನೊಂದು ಮನೆಮದ್ದಿನ ಪರೀಕ್ಷೆ ಎಂದರೆ ಆ ನೀರಿಗೆ ತುಕ್ಕು ಹಿಡಿದ ಮೊಳೆ ಹಾಕಿಡುವುದು. ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ನೀರು ಕಪ್ಪಾಗುತ್ತದೆ. ಹಳೆಯ ಕಾಲದಲ್ಲಿ ಬರೆಯುವ ಶಾಯಿ ಮಾಡುತ್ತಿದ್ದದ್ದೂ ಹೀಗೆಯೇ. ಆದರೆ ಎಚ್ಚರ: ನೀರು ಕಪ್ಪಾದರೆ ಅಲ್ಲಿ ಟ್ಯಾನಿನ್ ಇದೆ ಎಂದಷ್ಟೇ ಅರ್ಥ. ಕೃತಕ ಬಣ್ಣ ಹಾಕಿದ ಅಡಿಕೆಯಲ್ಲೂ ಟ್ಯಾನಿನ್ ಇದ್ದೇ ಇರುತ್ತದಲ್ಲ! 'ಕಪ್ಪಾಯಿತು, ಹಾಗಾಗಿ ಶುದ್ಧ' ಎಂದು ಇನ್ನೊಂದು ವಿಡಿಯೊ ಮಾಡಿಬಿಡಬೇಡಿ. ಖಚಿತ ಉತ್ತರ ಸಿಗುವುದು ಪ್ರಯೋಗಾಲಯದಲ್ಲಿ. ಅಲ್ಲಿ ಕ್ರೊಮ್ಯಾಟೊಗ್ರಫಿಯಿಂದ ಬಣ್ಣಗಳನ್ನು ಒಂದೊಂದಾಗಿ ಬೇರ್ಪಡಿಸಿ ಗುರುತಿಸುತ್ತಾರೆ.

ಕಾನೂನು ಏನು ಹೇಳುತ್ತದೆ?

ಪಾನ್ ಮಸಾಲಾದಲ್ಲಿ ಕೋಲ್‌ಟಾರ್ ಮೂಲದ ಬಣ್ಣ ಸೇರಿಸುವಂತಿಲ್ಲ ಎಂದು ಆಹಾರ ಸುರಕ್ಷತಾ ನಿಯಮಗಳಲ್ಲೇ ಇದೆ. ಬಟ್ಟೆಗೆ ಬಳಸುವ ರೋಡಮೈನ್-ಬಿ ಎಂಬ ಗುಲಾಬಿ ಬಣ್ಣಕ್ಕಂತೂ ಭಾರತದಲ್ಲಿ ಯಾವ ಆಹಾರದಲ್ಲೂ ಅನುಮತಿ ಇಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಯ ಕೃತಕ ಬಣ್ಣದ ವಿರುದ್ಧ ಆದೇಶ ಹೊರಡಿಸಿದಾಗ ಸುದ್ದಿಯಾಗಿದ್ದು ಇದೇ ರೋಡಮೈನ್.

ಹಾಗಾದರೆ ಮನೆ ಚೊಗರಿನ ಅಡಿಕೆ ಸೇಫ್?

ಇಲ್ಲ. ಇದನ್ನು ಅಡಿಕೆಯಿಂದಲೇ ಮನೆ ಕಟ್ಟಿದ, ಮಕ್ಕಳನ್ನು ಓದಿಸಿದ ಊರಿನವರಿಗೆ ಹೇಳುವುದು ಸುಲಭವಲ್ಲ, ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ, ತಂಬಾಕು ಸೇರಿಸದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿನ ವಸ್ತುಗಳಲ್ಲಿ ಇರಿಸಿದೆ. ಅಡಿಕೆ ಜಗಿಯುವವರಲ್ಲಿ ಬಾಯಿಯ ಒಳಚರ್ಮ ಗಟ್ಟಿಯಾಗುತ್ತಾ, ಬಾಯಿ ಅಗಲಿಸಲು ಬಾರದಂತಾಗುವ ಕಾಯಿಲೆ ಇದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಅದು ಮುಂದೆ ಕ್ಯಾನ್ಸರ್‌ಗೂ ತಿರುಗಬಹುದು. ಬಣ್ಣ ನೈಸರ್ಗಿಕವೋ ಕೃತಕವೋ ಎನ್ನುವುದರಿಂದ ಈ ಅಪಾಯ ಹೋಗುವುದಿಲ್ಲ. ಕೃತಕ ಬಣ್ಣ ಅದರ ಮೇಲೆ ಇನ್ನೊಂದು ಹೊರೆ, ಅಷ್ಟೇ. ಜಗಿಯುವ ಅಭ್ಯಾಸವಿದ್ದು, ಬಾಯಿಗೆ ಖಾರ ತಾಗಿದರೆ ಉರಿ ಬರುತ್ತಿದ್ದರೆ, ಮೂರು ಬೆರಳು ನೆಟ್ಟಗೆ ಬಾಯೊಳಗೆ ಹೋಗದಿದ್ದರೆ ಹಲ್ಲಿನ ವೈದ್ಯರಿಗೆ ಬೇಗ ತೋರಿಸಿ.

ಬೆಳೆಗಾರರಿಗೆ ಒಂದು ಮಾತು. ಚೊಗರು ಕೊಳ್ಳಲೇಬೇಕಾದರೆ ಪರಿಚಯದ ಮನೆಯಿಂದ ಕೊಳ್ಳಿ. ಹೆಸರು, ವಿಳಾಸ ಇಲ್ಲದ ಪುಡಿ ಮತ್ತು ಡಬ್ಬಿಗಳನ್ನು ದೂರವಿಡಿ, ಬಿಲ್ ಇಟ್ಟುಕೊಳ್ಳಿ. ಮಾಲು ಬೇರೆಬೇರೆ ಕಡೆಯದಾದರೆ ಒಟ್ಟು ಮಾಡುವ ಮೊದಲು ಒಂದು ಹಿಡಿ ಬೇರೆ ತೆಗೆದಿಡಿ.

ಇನ್ನು ಅಂಗಡಿಯಲ್ಲಿ ಕೊಂಡ ಅಡಿಕೆಯ ಮೇಲೆ ನಿಜಕ್ಕೂ ಅನುಮಾನವಿದ್ದರೆ, ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಅದನ್ನು ಪರೀಕ್ಷೆಗೆ ಕೊಡಬಹುದು. ಬಿಲ್ ಇರಲಿ, ಪೊಟ್ಟಣ ಬಿಚ್ಚದೆ ಇರಲಿ.