ನಂಜನಗೂಡು ತಿರುಮಲಾಂಬ: ಕನ್ನಡದ ಮೊದಲ ಪತ್ರಿಕಾ ಸಂಪಾದಕಿ

ಕನ್ನಡ ಪತ್ರಿಕೋದ್ಯಮದ ಇತಿಹಾಸದಲ್ಲಿ ಸ್ವಂತ ಪತ್ರಿಕೆ ಕಟ್ಟಿದ ಮೊದಲ ಮಹಿಳೆ ಎಂಬ ಹೆಗ್ಗಳಿಕೆ ನಂಜನಗೂಡು ತಿರುಮಲಾಂಬ ಅವರದು. ಲೇಖಕಿ, ಪ್ರಕಾಶಕಿ, ಸಂಪಾದಕಿ ಎಂಬ ಮೂರೂ ಹೊಣೆಗಳನ್ನು ಅವರು ಒಬ್ಬರೇ ನಿರ್ವಹಿಸಿದರು.

ಬಾಲ್ಯ

ತಿರುಮಲಾಂಬ ಅವರು 1887ರ ಮಾರ್ಚ್ 25ರಂದು ನಂಜನಗೂಡಿನಲ್ಲಿ ಜನಿಸಿದರು. ತಂದೆ ವಕೀಲ ವೆಂಕಟಕೃಷ್ಣ ಅಯ್ಯಂಗಾರ್. ಅಂದಿನ ಪದ್ಧತಿಯಂತೆ ಹತ್ತನೆಯ ವಯಸ್ಸಿನಲ್ಲೇ ವಿವಾಹವಾಯಿತು. ಹದಿನಾಲ್ಕನೆಯ ವಯಸ್ಸಿಗೆ ವೈಧವ್ಯ ಬಂದೊದಗಿತು. ಮಗಳ ಬದುಕು ಅಲ್ಲಿಗೇ ಮುಗಿಯಿತೆಂದು ತಂದೆ ಭಾವಿಸಲಿಲ್ಲ. ಮನೆಯಲ್ಲೇ ಓದಿಗೆ ಅನುವು ಮಾಡಿಕೊಟ್ಟರು. ಕನ್ನಡದೊಂದಿಗೆ ತಮಿಳು, ತೆಲುಗು ಭಾಷೆಗಳಲ್ಲೂ ಅವರು ಪರಿಶ್ರಮ ಗಳಿಸಿದರು. ಮುಂದೆ ತಮ್ಮ ಮನೆಯಲ್ಲೇ ಹೆಣ್ಣುಮಕ್ಕಳಿಗೆ ಪಾಠ ಹೇಳತೊಡಗಿದರು.

ಪ್ರಕಟಣೆ ಮತ್ತು ಪತ್ರಿಕೆ

1913ರಲ್ಲಿ 'ಸತೀ ಹಿತೈಷಿಣೀ' ಗ್ರಂಥಮಾಲೆ ಆರಂಭವಾಯಿತು. 'ಸುಶೀಲೆ' ಕಾದಂಬರಿ ಈ ಮಾಲೆಯಲ್ಲಿ ಪ್ರಕಟವಾಗಿ ಹಲವು ಮುದ್ರಣಗಳನ್ನು ಕಂಡಿತು. ಅಕ್ಷರ ಬಲ್ಲ ಸ್ತ್ರೀಯರೇ ವಿರಳವಾಗಿದ್ದ ಕಾಲದಲ್ಲಿ ಇದು ಸಣ್ಣ ಸಾಧನೆಯಲ್ಲ. ಅದೇ ದಶಕದ ಉತ್ತರಾರ್ಧದಲ್ಲಿ ಮಹಿಳೆಯರಿಗಾಗಿ 'ಕರ್ನಾಟಕ ನಂದಿನಿ' ಮಾಸಪತ್ರಿಕೆಯನ್ನು ಹೊರತಂದರು. ಸ್ತ್ರೀಶಿಕ್ಷಣ, ಗೃಹಜೀವನ, ಸಾಹಿತ್ಯ ಅದರ ಮುಖ್ಯ ಕಾಳಜಿಗಳಾಗಿದ್ದವು. ಪತ್ರಿಕೆ ಬಹುಕಾಲ ಬಾಳಲಿಲ್ಲವಾದರೂ ಅದು ತೆರೆದ ದಾರಿ ಮುಚ್ಚಲಿಲ್ಲ. 1921ರಲ್ಲಿ ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮ ಆರಂಭಿಸಿದ 'ಸರಸ್ವತಿ' ನಾಲ್ಕು ದಶಕಗಳ ಕಾಲ ನಡೆಯಿತು.

ಮೌನದ ವರ್ಷಗಳು

ಕಾದಂಬರಿ, ನಾಟಕ, ಪ್ರಬಂಧಗಳು ಸೇರಿ ಇಪ್ಪತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದ ತಿರುಮಲಾಂಬ ನಡುವಯಸ್ಸು ದಾಟಿದ ಬಳಿಕ ಲೇಖನಿ ಕೆಳಗಿಟ್ಟರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಕಟುವಿಮರ್ಶೆಯಿಂದ ಅವರು ನೊಂದುದೇ ಇದಕ್ಕೆ ಕಾರಣವೆಂದು ಮಹಿಳಾ ಸಾಹಿತ್ಯದ ಅಧ್ಯಯನಕಾರರು ಗುರುತಿಸಿದ್ದಾರೆ. ಆದರ್ಶ, ನೀತಿಬೋಧೆಗಳೇ ಪ್ರಧಾನವಾದ ಅವರ ಬರವಣಿಗೆಯನ್ನು ನವೋದಯದ ಅಳತೆಗೋಲಿನಿಂದ ಅಳೆದುದು ಎಷ್ಟು ನ್ಯಾಯ ಎಂಬ ಪ್ರಶ್ನೆ ಮುಂದೆ ಚರ್ಚೆಗೆ ಬಂದಿತು. ಆದರೆ ಅಷ್ಟರಲ್ಲಿ ಕನ್ನಡದ ಓದುಗರು ಅವರನ್ನು ಬಹುಮಟ್ಟಿಗೆ ಮರೆತಿದ್ದರು.

ಮರುಶೋಧ

ಬೆಂಗಳೂರಿನ ಎನ್‌ಎಂಕೆಆರ್‌ವಿ ಮಹಿಳಾ ಕಾಲೇಜಿನ ಪ್ರಾಂಶುಪಾಲೆಯಾಗಿದ್ದ ಚಿ.ನ. ಮಂಗಳಾ ಅವರ ಪ್ರಯತ್ನದಿಂದ ಇಳಿವಯಸ್ಸಿನ ತಿರುಮಲಾಂಬ ಮತ್ತೆ ನಾಡಿನ ಗಮನಕ್ಕೆ ಬಂದರು. 1982ರಲ್ಲಿ ಅವರು ನಿಧನರಾದರು. ಕಾಲೇಜಿನ 'ಶಾಶ್ವತಿ' ಸಂಸ್ಥೆ ಅವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿ ಸ್ಥಾಪಿಸಿತು.

ಮಣಿಪಾಲದ 'ತರಂಗ' ವಾರಪತ್ರಿಕೆಯನ್ನು ಸಂಧ್ಯಾ ಪೈ ಅವರು ದೀರ್ಘಕಾಲ ಮುನ್ನಡೆಸಿದ್ದನ್ನು ಕಂಡಿರುವ ಉಡುಪಿ, ಹಿರಿಯಡ್ಕ, ಕಾರ್ಕಳದ ಓದುಗರಿಗೆ ಮಹಿಳೆ ಸಂಪಾದಕಿಯಾಗುವುದು ಸಹಜವೆನಿಸಬಹುದು. ಶತಮಾನದ ಹಿಂದೆ ಅದು ಸಹಜವಾಗಿರಲಿಲ್ಲ. ಆ ಕಾಲದಲ್ಲಿ ಬಾಲವಿಧವೆಯೊಬ್ಬರು ಮನೆಯೊಳಗಿದ್ದೇ ಪತ್ರಿಕೆ ನಡೆಸಿ ಮುಂದಿನವರಿಗೆ ಹಾದಿ ಮಾಡಿಕೊಟ್ಟರು.