ಪಾಠದ ಧರಣಿ

ನಮ್ಮ ಧರ್ಮಶಾಸ್ತ್ರಗಳಲ್ಲಿ ಅನಧ್ಯಾಯವೆಂಬ ಒಂದು ನಿಯಮವುಂಟು. ಗುಡುಗು ಸಿಡಿಲುಗಳ ಹೊತ್ತಿನಲ್ಲಿ, ಬಾಣದ ಶಬ್ದವು ಕಿವಿಗೆ ಬಿದ್ದಾಗ, ಹತ್ತಿರದಲ್ಲಿ ಯಾರಾದರೂ ಅಳುತ್ತಿರುವಾಗ, ಕಲಹವೋ ಯುದ್ಧವೋ ನಡೆಯುತ್ತಿರುವಾಗ ವೇದಾಧ್ಯಯನ ಕೂಡದೆಂದು ಮನುಸ್ಮೃತಿಯಲ್ಲಿ ಹೇಳಿದೆ. ಇದರ ಒಳ ಅಭಿಪ್ರಾಯವನ್ನು ಪಂಡಿತರು ಬೇರೆ ಬೇರೆಯಾಗಿ ವಿವರಿಸಬಹುದು. ಲೋಕದ ದುಃಖವು ಬಾಗಿಲಿನವರೆಗೆ ಬಂದಿರುವಾಗ, ಕೇಳಿಯೂ ಕೇಳದವರಂತೆ ಪಾಠ ಒಪ್ಪಿಸುತ್ತ ಕುಳಿತಿರುವುದು ಯುಕ್ತವಲ್ಲವೆಂಬ ಭಾವವೂ ಅದರಲ್ಲಿ ಅಡಗಿರಬಹುದೆಂದು ನನಗೆ ತೋರುತ್ತದೆ. ಆದರೆ ಆ ಬಾಣದ ಶಬ್ದವು ಎಂಟು ಸಾವಿರ ಮೈಲಿಗಳಿಗೂ ಆಚೆಯದಾದರೆ? ಬಾಣವನ್ನು ಬಿಡುತ್ತಿರುವವರು ನಮ್ಮವರೇ ಆದರೆ? ಆಗ ಪಾಠವನ್ನು ನಿಲ್ಲಿಸಬೇಕೊ, ಹೆಚ್ಚಿಸಬೇಕೊ? 1965ನೆಯ ಇಸವಿ ಮಾರ್ಚಿ ತಿಂಗಳಿನಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದ ಆನ್ ಆರ್ಬರ್ ಎಂಬ ಊರಿನಲ್ಲಿ, ಮಿಶಿಗನ್ ವಿಶ್ವವಿದ್ಯಾನಿಲಯದ ಅಧ್ಯಾಪಕರಿಗೆ ಒದಗಿದ ಪ್ರಶ್ನೆ ಇದೇ.

ಅಂದಿನ ಸನ್ನಿವೇಶವನ್ನು ಸ್ವಲ್ಪ ತಿಳಿದುಕೊಳ್ಳುವುದು ಅವಶ್ಯಕ. 1964ನೆಯ ಇಸವಿ ನವೆಂಬರಿನ ಚುನಾವಣೆಯಲ್ಲಿ ಲಿಂಡನ್ ಜಾನ್ಸನ್ನರು ತಮ್ಮ ಪ್ರತಿಸ್ಪರ್ಧಿಗಿಂತ ಶಾಂತಿಪ್ರಿಯರೆಂಬ ಹೆಸರಿನಿಂದ ಗೆದ್ದು ಅಧ್ಯಕ್ಷಪದವಿಯಲ್ಲಿ ಮುಂದುವರಿದಿದ್ದರು. ವಿದ್ಯಾವಂತರಲ್ಲಿ ಬಹು ಮಂದಿ ಅವರಿಗೆ ಮತ ಕೊಟ್ಟುದು ಆ ನಂಬಿಕೆಯಿಂದಲೇ. ನಾಲ್ಕು ತಿಂಗಳು ಕಳೆಯುವುದರೊಳಗಾಗಿ, ಮಾರ್ಚಿ 2ರಂದು, ಉತ್ತರ ವಿಯೆಟ್ನಾಮಿನ ಮೇಲೆ ಎಡೆಬಿಡದೆ ಬಾಂಬು ಸುರಿಸುವ ಕಾರ್ಯವು ಮೊದಲಾಯಿತು. ಅದಕ್ಕೆ ಇಟ್ಟ ಹೆಸರು ‘ಉರುಳುವ ಗುಡುಗು’. ಅನಧ್ಯಾಯಕ್ಕೆ ಗುಡುಗೂ ಒಂದು ಕಾರಣವೆಂಬುದನ್ನು ವಾಚಕರು ಮರೆತಿರಲಾರರು! ಅದೇ ತಿಂಗಳು 8ರಂದು 3,500 ಮಂದಿ ಅಮೆರಿಕಾ ಸೈನಿಕರು ದಕ್ಷಿಣ ವಿಯೆಟ್ನಾಮಿನ ಡಾ ನಾಂಗ್ ಪಟ್ಟಣದ ಬಳಿ ಕಡಲತೀರದಲ್ಲಿ ಇಳಿದರು.

ಮತ ಕೊಟ್ಟು ಮೋಸಹೋದೆವೆಂಬ ಕೋಪ, ಬುದ್ಧಿವಂತರೆನ್ನಿಸಿಕೊಂಡ ತಮಗೇ ಆ ದೇಶದ ಚರಿತ್ರೆ ತಿಳಿಯದೆಂಬ ನಾಚಿಕೆ, ಇವೆರಡೂ ಸೇರಿ ಆ ಅಧ್ಯಾಪಕರನ್ನು ಕಾಡಿದಂತೆ ಕಾಣುತ್ತದೆ. ಅವರಲ್ಲಿ ಸುಮಾರು 50 ಮಂದಿ ಒಂದಾಗಿ, 24ನೆಯ ತಾರೀಖು ತಮ್ಮ ತಮ್ಮ ತರಗತಿಗಳನ್ನು ನಿಲ್ಲಿಸಿ, ಆ ದಿನವೆಲ್ಲ ಬಂದವರಿಗೆ ಯುದ್ಧದ ವಿಷಯವಾಗಿಯೇ ತಿಳಿಯಹೇಳುವುದೆಂದು ಪ್ರಕಟಿಸಿದರು. ಕೂಡಲೇ ಗದ್ದಲವೆದ್ದಿತು. ಪ್ರಾಂತದ ಗವರ್ನರರಾದ ಜಾರ್ಜ್ ರಾಮ್ನಿಯವರು ಇದನ್ನು ಖಂಡಿಸಿದರು. ಶಾಸನಸಭೆಯ ಸೆನೆಟ್ಟಿನಲ್ಲಿ ನಿರ್ಣಯವೇ ಆಯಿತು. ಜನರು ಕೊಟ್ಟ ತೆರಿಗೆಯಿಂದ ಸಂಬಳ ತಿನ್ನುವವರು ಪಾಠ ಮಾಡದೆ ರಾಜಕೀಯ ಮಾಡುವುದೆಂದರೇನು ಎಂಬುದು ಅವರ ವಾದ. ಈ ವಾದವನ್ನು ಬರಿಯ ದರ್ಪವೆಂದು ತಳ್ಳಿಹಾಕುವಂತಿಲ್ಲ. ಯುದ್ಧವನ್ನು ಒಪ್ಪದ ಸಹೋದ್ಯೋಗಿಗಳಲ್ಲಿಯೇ ಕೆಲವರು, ವಿದ್ಯಾರ್ಥಿಗೆ ಸಲ್ಲಬೇಕಾದ ಪಾಠವನ್ನು ತಪ್ಪಿಸುವುದಕ್ಕೆ ನಮಗೆ ಅಧಿಕಾರವೆಲ್ಲಿಯದು ಎಂದು ಹಿಂಜರಿದರು.

17ನೆಯ ತಾರೀಖಿನ ರಾತ್ರಿ ಇವರೆಲ್ಲ ಪುನಃ ಸೇರಿ ಬಹಳ ಹೊತ್ತಿನವರೆಗೆ ವಾದಿಸಿದರು. ಹಿಂದೆಗೆದರೆ ಹೇಡಿತನ, ಮುಂದುವರಿದರೆ ಜನರ ಗಮನವೆಲ್ಲ ಯುದ್ಧವನ್ನು ಬಿಟ್ಟು ಅಧ್ಯಾಪಕರ ಶಿಸ್ತಿನ ಕಡೆಗೆ ತಿರುಗುವುದು. ಆಗ ಮಾನವಶಾಸ್ತ್ರದ ಆಚಾರ್ಯರಾದ ಮಾರ್ಷಲ್ ಸಾಹ್ಲಿನ್ಸ್ ಎಂಬವರು ಒಂದು ಉಪಾಯವನ್ನು ಸೂಚಿಸಿದರು. ಕರ್ತವ್ಯವನ್ನು ಬಿಟ್ಟರೆಂದಲ್ಲವೆ ನಮ್ಮ ಮೇಲಿನ ಆಕ್ಷೇಪ? ಹಾಗಾದರೆ ಹಗಲಿನ ಪಾಠವನ್ನು ಹಗಲು ಮಾಡೋಣ. ಸಂಜೆ 8 ಗಂಟೆಗೆ ಮೊದಲುಮಾಡಿ ಬೆಳಗಿನ 8 ಗಂಟೆಯವರೆಗೆ ಇನ್ನೊಂದು ಪಾಠವನ್ನೂ ಮಾಡೋಣ. ವಿಶ್ವವಿದ್ಯಾನಿಲಯದ ಅಧ್ಯಕ್ಷರಾದ ಹಾರ್ಲನ್ ಹ್ಯಾಚರ್ ಅವರು ಇದಕ್ಕೆ ಅಡ್ಡಿಮಾಡಲಿಲ್ಲ. ಕೊನೆಗೆ ಇನ್ನೂರಕ್ಕೂ ಮೇಲ್ಪಟ್ಟು ಅಧ್ಯಾಪಕರು ಅದನ್ನು ಅನುಮೋದಿಸಿದರು. ಅನಧ್ಯಾಯವು ಹೀಗೆ ಅತ್ಯಧ್ಯಯನವಾಯಿತು.

ಇದಕ್ಕೆ ‘ಟೀಚ್-ಇನ್’ ಎಂದು ಹೆಸರಾಯಿತು. ಈ ಹೆಸರಿನ ವಂಶಾವಳಿಯನ್ನು ಇಲ್ಲಿ ಸ್ವಲ್ಪ ಹೇಳದೆ ಮುಂದೆ ಹೋಗಲಾರೆ. ಅದು ‘ಸಿಟ್-ಇನ್’ ಎಂಬುದರ ಅಚ್ಚಿನಲ್ಲಿ ಎರಕಗೊಂಡ ಶಬ್ದ. ಸಿಟ್-ಇನ್ನಿಗೆ ನಮ್ಮಲ್ಲಿ ಧರಣಿ ಎಂಬ ಹಳೆಯ ಮಾತೇ ಇದೆ. 1960ನೆಯ ಇಸವಿ ಫೆಬ್ರವರಿ 1ರಂದು ಗ್ರೀನ್ಸ್‌ಬರೋ ಎಂಬ ಊರಿನಲ್ಲಿ ನಾಲ್ವರು ಕರಿಯ ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಮೀಸಲಾದ ಉಪಾಹಾರದ ಕಟ್ಟೆಯ ಮುಂದೆ ಕುಳಿತು, ಕೇಳಿದ ಕಾಫಿಯನ್ನು ಕೊಡದಿದ್ದರೂ ಏಳಲಿಲ್ಲ. ಅದೇ ತಿಂಗಳು ನ್ಯಾಷ್‌ವಿಲ್ ನಗರದಲ್ಲಿ ನೂರಾರು ಮಂದಿ ಹೀಗೆಯೇ ಕುಳಿತರು. ಆದರೆ ನ್ಯಾಷ್‌ವಿಲ್ಲಿನವರು ಅದಕ್ಕೆ ಮೊದಲೇ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದರು: ಬೈದರೆ ಹೇಗೆ ಸುಮ್ಮನಿರಬೇಕು, ಹೊಡೆದರೆ ಕೈಯೆತ್ತದೆ ಹೇಗೆ ತಲೆಯನ್ನು ಕಾಪಾಡಿಕೊಳ್ಳಬೇಕು ಎಂದು. ಈ ಅಭ್ಯಾಸವನ್ನು ಮಾಡಿಸಿದವರು ಜೇಮ್ಸ್ ಲಾಸನ್ ಎಂಬ ದೇವತಾಶಾಸ್ತ್ರದ ವಿದ್ಯಾರ್ಥಿ. ಕೊರಿಯಾ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಲೊಲ್ಲದೆ ಸೆರೆಮನೆಯಲ್ಲಿದ್ದು, 1953ರಿಂದ 1956ರವರೆಗೆ ನಮ್ಮ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಕೆಲಸಮಾಡಿ, ಗಾಂಧೀಜಿಯವರ ಸತ್ಯಾಗ್ರಹದ ಮರ್ಮವನ್ನು ಕಲಿತುಕೊಂಡು ಹೋದವರು ಅವರು. 1960ನೆಯ ಮಾರ್ಚಿಯಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದವರು ಈ ಅಪರಾಧಕ್ಕಾಗಿ ಅವರನ್ನು ಹೊರಹಾಕಿದರು. ಮೇ 10ರಂದು ನ್ಯಾಷ್‌ವಿಲ್ಲಿನ ಅಂಗಡಿಗಳವರು ತಮ್ಮ ಕಟ್ಟೆಗಳಲ್ಲಿ ಎಲ್ಲರಿಗೂ ಉಪಾಹಾರ ಕೊಡಲು ಮೊದಲುಮಾಡಿದರು. ಆದಕಾರಣ ಆನ್ ಆರ್ಬರಿನ ಆ ರಾತ್ರಿಯನ್ನು ಪಾಠದ ಧರಣಿ ಎಂದು ಕರೆದರೆ ನಾವು ಪರರ ವಸ್ತುವಿಗೆ ನಮ್ಮ ಮುದ್ರೆ ಒತ್ತಿದಂತಾಗಲಿಲ್ಲ.

ಇನ್ನು ಆ ರಾತ್ರಿಯ ಕಥೆ. ಕೆಲವು ನೂರು ಜನ ಬಂದರೆ ಸಾಕೆಂದುಕೊಂಡಲ್ಲಿ ಸುಮಾರು 3,000 ಜನ ಬಂದರು. ಏಂಜೆಲ್ ಹಾಲ್ ಎಂಬ ಕಟ್ಟಡದ ಉಪನ್ಯಾಸಮಂದಿರಗಳು ತುಂಬಿ, ಜನರು ನಡುವಣ ದಾರಿಗಳಲ್ಲಿಯೂ ಕುಳಿತರು. ಆ ಕಾಲದಲ್ಲಿ ಅಲ್ಲಿಯ ವಿದ್ಯಾರ್ಥಿನಿಯರು ರಾತ್ರಿ ಗೊತ್ತಾದ ಹೊತ್ತಿಗೆ ವಸತಿಗೃಹವನ್ನು ಸೇರಲೇಬೇಕೆಂಬ ಕಟ್ಟುಪಾಡಿತ್ತು, ಹುಡುಗರಿಗೆ ಅದಿರಲಿಲ್ಲ. ಆ ಒಂದು ರಾತ್ರಿ ಮಾತ್ರ ಅವರಿಗೆ ವಿಶೇಷ ಅಪ್ಪಣೆ ದೊರೆಯಿತು. ದೂರದ ರೈತರ ಸ್ವಾತಂತ್ರ್ಯವನ್ನು ಕುರಿತು ಕೇಳಲು ಬಂದ ಹೆಣ್ಣುಮಕ್ಕಳು ಅದಕ್ಕೆ ರಜಾಚೀಟಿಯನ್ನು ಪಡೆದು ಬರಬೇಕಾಯಿತೆಂಬುದನ್ನು ಯಾರಾದರೂ ಅಂದು ಭಾಷಣದಲ್ಲಿ ಎತ್ತಿದರೊ ಕಾಣೆ, ಎತ್ತಬಹುದಾಗಿತ್ತು.

ಮೊದಲು ವಿಯೆಟ್ನಾಮನ್ನು ಕಣ್ಣಾರೆ ಕಂಡವರು ಮಾತನಾಡಿದರು. ಅಲ್ಲಿ ಅಮೆರಿಕಾ ಸರ್ಕಾರದ ನೆರವಿನ ಕಾರ್ಯದಲ್ಲಿದ್ದ ರಾಬರ್ಟ್ ಬ್ರೌನ್ ಎಂಬ ಅರ್ಥಶಾಸ್ತ್ರಜ್ಞರು, ಅಲ್ಲಿಯ ಹಳ್ಳಿಗಳನ್ನು ಅಭ್ಯಾಸಮಾಡಿದ್ದ ಜಾನ್ ಡೊನಹ್ಯೂ ಎಂಬ ಮಾನವಶಾಸ್ತ್ರಜ್ಞರು ಅವರಲ್ಲಿ ಮುಖ್ಯರು. ನಡುವೆ ಬಾಂಬು ಇಟ್ಟಿದೆಯೆಂಬ ಬೆದರಿಕೆ ಬಂದು, ಪೋಲೀಸಿನವರು ಕಟ್ಟಡವನ್ನು ಶೋಧಿಸುವವರೆಗೆ ಸಭೆಯೆಲ್ಲ ಹೊರಗೆ ಕೊರೆಯುವ ಚಳಿಯಲ್ಲಿ ನಿಲ್ಲಬೇಕಾಯಿತು. ಭಾಷಣವೂ ಅಲ್ಲಿಯೇ ನಡೆಯಿತು. ಯುದ್ಧವನ್ನು ಬೆಂಬಲಿಸುವ ವಿದ್ಯಾರ್ಥಿಗಳು ಫಲಕಗಳನ್ನು ಹಿಡಿದು ಬಂದಿದ್ದರು. ನಡುರಾತ್ರಿ ದಾಟಿದ ಮೇಲೆ ಜನರು ಚಿಕ್ಕ ಚಿಕ್ಕ ಗುಂಪುಗಳಾಗಿ ತರಗತಿಯ ಕೋಣೆಗಳಲ್ಲಿ ಕುಳಿತು ಚರ್ಚಿಸಿದರು. ನನ್ನ ಮಟ್ಟಿಗೆ ಆ ರಾತ್ರಿಯ ಸಾರವಿರುವುದು ಇಲ್ಲಿಯೇ. ಅಂಕವಿಲ್ಲ, ಹಾಜರಿಯಿಲ್ಲ, ಪರೀಕ್ಷೆಯಿಲ್ಲ. ಆದರೂ ನಸುಕಿನಲ್ಲಿ ಒಬ್ಬ ಹುಡುಗನು ತನ್ನ ಆಚಾರ್ಯನನ್ನು ‘ನೀವು ಹೇಳಿದುದಕ್ಕೆ ಆಧಾರವೇನು?’ ಎಂದು ಕೇಳಬಹುದಾಗಿತ್ತು. ಬೆಳಗಿನ 8 ಗಂಟೆಗೆ ಇನ್ನೂ ನೂರಾರು ಮಂದಿ ಉಳಿದಿದ್ದರು.

ವಿಶ್ವವಿದ್ಯಾನಿಲಯಕ್ಕೆ ಯುದ್ಧದ ಗೊಡವೆ ಏಕೆ ಎಂದವರಿಗೆ ಉತ್ತರವು ಬಹು ದೂರದಲ್ಲಿರಲಿಲ್ಲ. ಅದೇ ಪ್ರಾಂತದ ಇನ್ನೊಂದು ವಿದ್ಯಾಪೀಠವಾದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾನಿಲಯವು 1955ರಿಂದ 1962ರವರೆಗೆ ದಕ್ಷಿಣ ವಿಯೆಟ್ನಾಮಿನ ಸರ್ಕಾರಕ್ಕೆ ಆಡಳಿತದಲ್ಲಿಯೂ ಪೋಲೀಸು ಪಡೆಯ ಶಿಕ್ಷಣದಲ್ಲಿಯೂ ಸಲಹೆಗಾರರನ್ನು ಒದಗಿಸಿತ್ತು. ಆಗ ಯಾವ ಶಾಸನಸಭೆಯೂ ಇದು ರಾಜಕೀಯವೆಂದು ನಿರ್ಣಯಮಾಡಲಿಲ್ಲ. ವಿದ್ಯೆಯು ಸರ್ಕಾರದ ಜೊತೆ ನಡೆದರೆ ಸೇವೆ, ಸರ್ಕಾರವನ್ನು ಪ್ರಶ್ನಿಸಿದರೆ ರಾಜಕೀಯ, ಎಂದಾಯಿತು.

ಪದ್ಧತಿಯು ಕಾಳ್ಗಿಚ್ಚಿನಂತೆ ಹರಡಿತು. ಎರಡೇ ದಿನಗಳಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಇಂಥ ಸಭೆ ಸೇರಿತು. ವರ್ಷದ ಕೊನೆಯೊಳಗೆ ನೂರಕ್ಕೂ ಹೆಚ್ಚು ವಿದ್ಯಾಪೀಠಗಳಲ್ಲಿ ಸೇರಿತು. ಮೇ 15ರಂದು ವಾಷಿಂಗ್‌ಟನ್ನಿನಲ್ಲಿ ಅಧ್ಯಕ್ಷರ ಸಲಹೆಗಾರರಾದ ಮೆಕ್‌ಜಾರ್ಜ್ ಬಂಡಿಯವರೇ ವಾದಕ್ಕೆ ಬರುವುದಾಗಿ ಒಪ್ಪಿದ್ದರು. ಅವರು ಹಾರ್ವರ್ಡಿನಲ್ಲಿ ಹಿಂದೆ ಡೀನರಾಗಿದ್ದವರು. ಗುರುಗಳು ಗುರುಗಳೊಡನೆ ವಾದಿಸುವುದನ್ನು ಕೇಳಲು ದೇಶದ ನೂರಕ್ಕೂ ಹೆಚ್ಚು ವಿದ್ಯಾಪೀಠಗಳಲ್ಲಿ ಜನರು ಕಾದಿದ್ದರು. ಕಡೆಯ ಗಳಿಗೆಯಲ್ಲಿ ಅವರನ್ನು ಬೇರೆ ರಾಜಕಾರ್ಯದ ಮೇಲೆ ಕಳುಹಿಸಲಾಯಿತು. ಅನಂತರ ಜೂನ್ 21ರಂದು ಟೆಲಿವಿಷನ್ನಿನಲ್ಲಿ ಹಾನ್ಸ್ ಮಾರ್ಗನ್‌ಥೌ ಅವರೊಡನೆ ಬಂಡಿಯವರ ವಾದವು ನಡೆಯಿತು.

ಆದರೆ ಹರಡಿದುದೆಲ್ಲ ಮೊದಲಿನ ರುಚಿಯನ್ನು ಉಳಿಸಿಕೊಳ್ಳಲಿಲ್ಲ. ಮೇ 21, 22ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಂದೂವರೆ ದಿನ ನಡೆದ ಮಹಾಸಭೆಗೆ ಬಂದುಹೋದವರ ಲೆಕ್ಕ ಹತ್ತಾರು ಸಾವಿರ. ಸರ್ಕಾರದ ವಿದೇಶಾಂಗ ಇಲಾಖೆಯವರು ಯಾರನ್ನೂ ಕಳುಹಿಸಲಿಲ್ಲವೆಂದು ಅವರ ಹೆಸರಿನಲ್ಲಿ ಒಂದು ಖಾಲಿ ಕುರ್ಚಿಯನ್ನು ವೇದಿಕೆಯ ಮೇಲೆ ಇಟ್ಟರು. ಪರಿಹಾಸ್ಯವೇನೋ ಚೆನ್ನಾಗಿದೆ. ಆದರೆ ಅಲ್ಲಿಯ ಆಚಾರ್ಯರೇ ಆದ, ಯುದ್ಧನೀತಿಯ ಸಮರ್ಥಕರಾದ ರಾಬರ್ಟ್ ಸ್ಕಾಲಪಿನೊ ಅವರು ಇದು ವಿಚಾರಸಭೆಯಲ್ಲವೆಂದು ಬಾರದೆ ಉಳಿದರು. ಅವರೇ ಒಂದು ವಾರದ ಹಿಂದೆ ವಾಷಿಂಗ್‌ಟನ್ನಿನಲ್ಲಿ ಎದುರುಪಕ್ಷದವರೊಡನೆ ವೇದಿಕೆಯ ಮೇಲೆ ಕುಳಿತು ವಾದಿಸಿದ್ದರು. ಖಾಲಿ ಕುರ್ಚಿಯೊಡನೆ ವಾದಿಸಿ ಗೆಲ್ಲುವುದು ಸುಲಭ. ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು ಪ್ರಶ್ನೆ ಕೇಳುವ ಸಭೆಯು ಎಷ್ಟೇ ನ್ಯಾಯವಾದ ಪಕ್ಷದ್ದಾದರೂ ಅದನ್ನು ಪಾಠವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಆನ್ ಆರ್ಬರಿನ ಸಭೆಯೂ ಒಂದು ಪಕ್ಷದವರೇ ಕೂಡಿಸಿದ್ದು, ನಿಜ. ಆದರೆ ಅಲ್ಲಿ ಬೆಳಗಿನ ಜಾವದ ಕೋಣೆಗಳಿದ್ದವು.

ಯುದ್ಧವು ಇದರಿಂದ ನಿಂತಿತೆ? ಇಲ್ಲ. 1965ರ ಕೊನೆಗೆ ವಿಯೆಟ್ನಾಮಿನಲ್ಲಿ 1,84,000 ಅಮೆರಿಕಾ ಸೈನಿಕರಿದ್ದರು. 1969ರಲ್ಲಿ ಐದು ಲಕ್ಷವನ್ನು ಮೀರಿದರು. ಎಲ್ಲ ಮುಗಿಯುವುದಕ್ಕೆ 1975ನೆಯ ಇಸವಿ ಬರಬೇಕಾಯಿತು. ಪದ್ಧತಿ ಮಾತ್ರ ಬೇರೆ ವಿಷಯಗಳಿಗೂ ಹಬ್ಬಿತು. ಗೇಲಾರ್ಡ್ ನೆಲ್ಸನ್ ಎಂಬ ಸೆನೆಟರು ಇದೇ ಮಾದರಿಯಲ್ಲಿ ಗಾಳಿ ನೀರು ನೆಲಗಳ ಕೆಡಕನ್ನು ಕುರಿತು ದೇಶವೆಲ್ಲ ಒಂದು ದಿನ ಪಾಠ ಕೇಳಬೇಕೆಂದು ಯೋಚಿಸಿದುದರಿಂದ 1970ನೆಯ ಇಸವಿ ಏಪ್ರಿಲ್ 22ರ ಭೂಮಿದಿನವು ಹುಟ್ಟಿತು. ಅದಕ್ಕೆ ಒಂದು ತಿಂಗಳು ಮೊದಲೇ ಮಿಶಿಗನ್ನಿನವರು ತಮ್ಮಲ್ಲಿ ನಾಲ್ಕು ದಿನದ ಸಭೆಯನ್ನು ನಡೆಸಿ ಮುಗಿಸಿದ್ದರು.

ಲಾಸನ್ನರ ವಿಷಯವೊಂದು ಉಳಿದಿದೆ. ಹೊರಹಾಕಿದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯವೇ 2006ನೆಯ ಇಸವಿಯಲ್ಲಿ ಅವರನ್ನು ಸಂದರ್ಶಕ ಆಚಾರ್ಯರನ್ನಾಗಿ ಕರೆದು ಕೂರಿಸಿಕೊಂಡಿತು. ಅವರು ಅಲ್ಲಿ ಪಾಠ ಹೇಳಿದರು. 2024ನೆಯ ಇಸವಿ ಜೂನ್ ತಿಂಗಳಿನಲ್ಲಿ ತಮ್ಮ 95ನೆಯ ವಯಸ್ಸಿನಲ್ಲಿ ತೀರಿಕೊಂಡರು.